ವಿಶ್ವಾಸದ ಕ್ಯಾಮೆರಾ ಯಾರತ್ತ ತಿರುಗಿದೆ?

ಅಮೆರಿಕದ ಕ್ರೈಸ್ತ ಸಿನಿಮಾ ಎಂದೊಡನೆ ನಮ್ಮಂಥ ಪ್ರಗತಿಪರರ ತುಟಿಯಲ್ಲಿ ಸಣ್ಣದೊಂದು ನಗೆ ಮೂಡುತ್ತದೆ. ಉಪದೇಶ ಮಾಡುವ ಪಾತ್ರಗಳು, ಸಪ್ಪೆ ಛಾಯಾಗ್ರಹಣ, ಕೊನೆಯ ಹತ್ತು ನಿಮಿಷಗಳಲ್ಲಿ ಮನಪರಿವರ್ತನೆ. ಈ ನಗೆಗೆ ಕಾರಣವಿಲ್ಲದಿಲ್ಲ. 2014ರ ‘ಗಾಡ್ಸ್ ನಾಟ್ ಡೆಡ್’ ಸುಮಾರು 20 ಲಕ್ಷ ಡಾಲರ್ ವೆಚ್ಚದಲ್ಲಿ ತಯಾರಾಗಿ, ಅಮೆರಿಕದಲ್ಲೇ ಸುಮಾರು 6 ಕೋಟಿ ಡಾಲರ್ ಗಳಿಸಿತು. ಅದರಲ್ಲಿ ನಾಸ್ತಿಕ ಪ್ರಾಧ್ಯಾಪಕನೇ ಖಳನಾಯಕ. ಮುಸ್ಲಿಂ ತಂದೆ ಮಗಳನ್ನು ಹೊಡೆದು ಮನೆಯಿಂದ ಹೊರಗಟ್ಟುವವನು. ಬಹುಸಂಖ್ಯಾತರಿಗೆ ತಾವೇ ಪೀಡಿತರೆಂಬ ಸಮಾಧಾನವನ್ನು ಮಾರುವ ಇಂಥ ಚಿತ್ರಗಳ ರಾಜಕಾರಣ, ಭಾರತದ ಇತ್ತೀಚಿನ ಸಿನಿಮಾಗಳನ್ನು ಬಲ್ಲ ನಮಗೆ ಅಪರಿಚಿತವೇನಲ್ಲ.

ಆದರೆ ನಗೆಯಲ್ಲೇ ನಿಂತುಬಿಟ್ಟರೆ ನಮ್ಮದೇ ಚರಿತ್ರೆಯನ್ನು ಮರೆತಂತಾಗುತ್ತದೆ. 1911ರಲ್ಲಿ ಮುಂಬಯಿಯಲ್ಲಿ ಕ್ರಿಸ್ತನ ಜೀವನಚಿತ್ರವೊಂದನ್ನು ಕಂಡ ದಾದಾಸಾಹೇಬ್ ಫಾಲ್ಕೆಯವರಿಗೆ, ನಮ್ಮ ರಾಮ ಕೃಷ್ಣರನ್ನೂ ಹೀಗೆ ಪರದೆಯ ಮೇಲೆ ಕಾಣಬೇಕೆಂಬ ಹಂಬಲ ಹುಟ್ಟಿತು. ವಿಮಾಪತ್ರವನ್ನು ಒತ್ತೆಯಿಟ್ಟು, ಪತ್ನಿ ಸರಸ್ವತಿಬಾಯಿಯವರ ಒಡವೆಗಳನ್ನೂ ಪಣಕ್ಕಿಟ್ಟು ಅವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೆರೆಗೆ ತಂದರು. ತಂಡಕ್ಕೆಲ್ಲ ಅಡುಗೆ ಮಾಡಿ ಹಾಕಿದವರೂ ಆ ತಾಯಿಯೇ. ಭಾರತೀಯ ಸಿನಿಮಾದ ಮೊದಲ ಹೆಜ್ಜೆಯೇ ಭಕ್ತಿಯ, ಸಾಲದ ಹೆಜ್ಜೆ. ಕನ್ನಡಿಗರು ‘ಬೇಡರ ಕಣ್ಣಪ್ಪ’, ‘ಭಕ್ತ ಕನಕದಾಸ’ಗಳನ್ನು ಸಂಸ್ಕೃತಿಯೆಂದು ಎದೆಗಪ್ಪಿಕೊಂಡು, ಇತರರ ಭಕ್ತಿಚಿತ್ರವನ್ನು ಬರೀ ಪ್ರಚಾರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ವಿಶ್ವಾಸದ ಚಿತ್ರ ಬೇಕೋ ಬೇಡವೋ ಎನ್ನುವುದು ಇಲ್ಲಿ ಪ್ರಶ್ನೆಯಲ್ಲ. ಆ ಕ್ಯಾಮೆರಾ ಯಾರತ್ತ ತಿರುಗಿದೆ, ಯಾರ ಹಣದಲ್ಲಿ ತಿರುಗಿದೆ ಎನ್ನುವುದು ಪ್ರಶ್ನೆ.

ಲಾಸ್ ಏಂಜಲೀಸ್ ಇದಕ್ಕೊಂದು ಉತ್ತರ ಕೊಟ್ಟಿದೆ. ಪಾಲಿಸ್ಟ್ ಸಭೆಯ ಪಾದ್ರಿ ಎಲ್‌ವುಡ್ ಕೈಸರ್ 1960ರಲ್ಲಿ ಇಲ್ಲಿ ‘ಇನ್‌ಸೈಟ್’ ಎಂಬ ದೂರದರ್ಶನ ಸರಣಿಯನ್ನು ಆರಂಭಿಸಿದರು. ಹಾಲಿವುಡ್ಡಿನ ಹೆಸರಾಂತ ನಟರು ಅತ್ಯಲ್ಪ ಸಂಭಾವನೆಗೆ ಅಭಿನಯಿಸಿದ ಆ ಕಿರುನಾಟಕಗಳು 1983ರವರೆಗೆ ನಡೆದವು. ಮುಂದೆ ಕೈಸರ್ ಅವರು ಎಲ್ ಸಾಲ್ವಡಾರಿನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಅವರ ಕಥೆಯನ್ನು ಕೈಗೆತ್ತಿಕೊಂಡರು. ಜನರನ್ನು ಕೊಲ್ಲುವ ಆಜ್ಞೆಯನ್ನು ಪಾಲಿಸಬೇಡಿರೆಂದು ಸೈನಿಕರಿಗೆ ಕರೆಕೊಟ್ಟ ಮರುದಿನವೇ, 1980ರ ಮಾರ್ಚ್ 24ರಂದು, ಬಲಿಪೂಜೆ ಅರ್ಪಿಸುತ್ತಿದ್ದಾಗ ಗುಂಡಿಗೆ ಬಲಿಯಾದವರು ರೊಮೆರೊ. ಅವರನ್ನು ಎದುರಾಳಿಯೆಂದು ಕಂಡ ಆ ಸರ್ಕಾರಕ್ಕೆ ಅಮೆರಿಕವೇ ಸೇನಾ ನೆರವು ನೀಡುತ್ತಿತ್ತು. ದೂರದರ್ಶನ ಜಾಲಗಳು ಈ ಕಥೆ ಬೇಡವೆಂದವು. ಕೊನೆಗೆ ಚರ್ಚಿನ ಸಂಸ್ಥೆಗಳಿಂದಲೇ ಹಣ ಕೂಡಿಸಿ, ಹಾಲಿವುಡ್ಡಿನ ಅಳತೆಗೆ ತೀರ ಸಣ್ಣದಾದ ವೆಚ್ಚದಲ್ಲಿ, 1989ರಲ್ಲಿ ‘ರೊಮೆರೊ’ ತೆರೆಕಂಡಿತು.

ಅದು ದೋಷರಹಿತ ಕಲಾಕೃತಿಯೆಂದು ನಾವು ಹೇಳುತ್ತಿಲ್ಲ. ಆದರೆ ಮಾರುಕಟ್ಟೆ ನಿರಾಕರಿಸಿದ ಸತ್ಯವೊಂದನ್ನು ಹೇಳಲು ಕಡಿಮೆ ಬಂಡವಾಳವೇ ದಾರಿಮಾಡಿಕೊಟ್ಟಿತು. ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬಂದ ಸಾವಿರಾರು ಸಾಲ್ವಡಾರಿನವರು ಅದೇ ನಗರದಲ್ಲಿ ದಾಖಲೆಗಳಿಲ್ಲದೆ ಬದುಕುತ್ತಿದ್ದರು. ಪಾದ್ರಿ ಲೂಯಿಸ್ ಒಲಿವಾರೆಸ್ 1985ರಲ್ಲಿ ತಮ್ಮ ಚರ್ಚನ್ನು ಅವರಿಗೆ ಆಶ್ರಯತಾಣವೆಂದು ಘೋಷಿಸಿದ್ದರು. ಚಿತ್ರ ಮತ್ತು ಚರ್ಚು ಒಂದೇ ದಿಕ್ಕಿಗೆ ಮುಖಮಾಡಿದ್ದ ಕಾಲವದು.

ದಿಕ್ಕು ಸರಿಯಿದ್ದರಷ್ಟೇ ಸಾಲದು ಎಂಬುದಕ್ಕೆ ಸ್ಯಾನ್ ಡಿಯಾಗೊದಲ್ಲೇ ಉದಾಹರಣೆಯಿದೆ. ಅಲ್ಲಿನ ಮೂವರು ತರುಣರು 2003ರಲ್ಲಿ ಕ್ಯಾಮೆರಾ ಹಿಡಿದು ಆಫ್ರಿಕಾಕ್ಕೆ ಹೋದರು. ಉತ್ತರ ಉಗಾಂಡದ ಮಕ್ಕಳ ಸಂಕಟವನ್ನು ಚಿತ್ರೀಕರಿಸಿ, ಶಾಲೆ, ಕಾಲೇಜು, ಚರ್ಚುಗಳಲ್ಲಿ ತೋರಿಸುತ್ತ ‘ಇನ್‌ವಿಸಿಬಲ್ ಚಿಲ್ಡ್ರನ್’ ಸಂಸ್ಥೆಯನ್ನು ಕಟ್ಟಿದರು. ಅವರ ಕಳಕಳಿಗೆ ಧರ್ಮಶ್ರದ್ಧೆಯ ಬೇರಿತ್ತು. 2012ರ ಮಾರ್ಚ್‌ನಲ್ಲಿ ಬಂದ ಅವರ ಮೂವತ್ತು ನಿಮಿಷಗಳ ‘ಕೋನಿ 2012’ ಒಂದೇ ವಾರದೊಳಗೆ ಹತ್ತು ಕೋಟಿ ವೀಕ್ಷಣೆ ಕಂಡಿತು. ಆದರೆ ಕೋನಿಯ ಪಡೆ ಉಗಾಂಡವನ್ನು ಬಿಟ್ಟು ವರ್ಷಗಳೇ ಸಂದಿದ್ದವು. ಆ ಪಡೆಯ ಹಿಂಸೆಯನ್ನು ಉಂಡ ಲಿರಾ ಪಟ್ಟಣದಲ್ಲಿ ಚಿತ್ರವನ್ನು ತೋರಿಸಿದಾಗ ಜನ ಸಿಟ್ಟಿಗೆದ್ದರು. ತಮ್ಮ ನೋವಿನ ಕಥೆಯಲ್ಲಿ ತಾವೇ ಅಂಚಿಗೆ ಸರಿದು, ಅಮೆರಿಕನ್ನರು ನಾಯಕರಾಗಿದ್ದನ್ನು ಅವರು ಹೇಗೆ ಸಹಿಸಿಯಾರು? ಕರುಣೆ ನಿಜವಾದುದೇ ಆಗಿದ್ದರೂ, ಕಥೆಯ ಒಡೆತನ ಕೈತಪ್ಪಿದರೆ ಅದು ಯಜಮಾನಿಕೆಯಾಗುತ್ತದೆ.

ಈ ಎರಡು ಪಾಠಗಳು ಇಂದು ಏಕೆ ಬೇಕು? 2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಬೀದಿಗಳಲ್ಲಿ ವಲಸೆ ಅಧಿಕಾರಿಗಳ ದಾಳಿ ನಡೆಯಿತು; ನ್ಯಾಷನಲ್ ಗಾರ್ಡ್ ಪಡೆ ಬಂದಿಳಿಯಿತು. ಅದೇ ತಿಂಗಳ 20ರಂದು ಸ್ಯಾನ್ ಡಿಯಾಗೊದ ಬಿಷಪ್ ಮೈಕೆಲ್ ಫಾಮ್ ಇತರ ಧರ್ಮಗುರುಗಳೊಡನೆ ವಲಸೆ ನ್ಯಾಯಾಲಯಕ್ಕೆ ತೆರಳಿ, ವಿಚಾರಣೆಗೆ ಬಂದವರ ಪಕ್ಕದಲ್ಲಿ ನಿಂತರು. ವಿಯೆಟ್ನಾಮಿನಿಂದ ನಿರಾಶ್ರಿತರಾಗಿ ಬಂದವರೇ ಅವರು. ಇಂದು ವಿಶ್ವಾಸದ ಹೆಸರಿನಲ್ಲಿ ಕ್ಯಾಮೆರಾ ಹಿಡಿಯುವವರಿಗೆ ಆ ನ್ಯಾಯಾಲಯದ ಮೊಗಸಾಲೆಗಿಂತ ಬೇರೆ ಕಥಾವಸ್ತು ಬೇಕೇ? ಅದಕ್ಕೆ ಕೋಟಿಗಳು ಬೇಡ. ಒಂದು ಫೋನು ಸಾಕು. ಆದರೆ ಕಟಕಟೆಯಲ್ಲಿ ನಿಂತವರ ಒಪ್ಪಿಗೆ ಬೇಕು, ಅವರದೇ ಮಾತು ಬೇಕು.

ನಮಗೂ ಇಲ್ಲಿ ಪಾಲಿದೆ. ವೀಸಾ ಸಾಲಿನಲ್ಲಿ ನಿಂತ ಕನ್ನಡಿಗರು ಈ ಕಥೆಯ ಹೊರಗಿನವರಲ್ಲ. ಜೊತೆಗೆ, 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ದಾಳಿ ನಡೆದ ನಾಡು ನಮ್ಮದು. 2022ರಲ್ಲಿ ಮತಾಂತರವನ್ನೇ ಶಂಕಿಸುವ ಕಾನೂನು ತಂದ ನಾಡೂ ನಮ್ಮದೇ. ಅಮೆರಿಕದಲ್ಲಿ ಅಧಿಕಾರಕ್ಕೆ ಆತುಕೊಂಡ ಕ್ರೈಸ್ತತ್ವವನ್ನು ಟೀಕಿಸುವ ನಾವು, ಊರಲ್ಲಿ ಮನೆಯೊಳಗೆ ಪ್ರಾರ್ಥಿಸಲೂ ಅಂಜುವ ಕ್ರೈಸ್ತರ ಪರ ನಿಲ್ಲಲೇಬೇಕು. ಇವೆರಡೂ ಒಂದೇ ತತ್ವದ ಎರಡು ಮುಖಗಳು: ಧರ್ಮ ಯಾವುದೇ ಇರಲಿ, ನಮ್ಮ ಜಾಗ ದುರ್ಬಲರ ಬದಿಗೆ.

ಉಡುಪಿಯಲ್ಲಿ ಹೊರಗೆ ನಿಲ್ಲಿಸಲ್ಪಟ್ಟ ಕನಕನತ್ತ ದೇವರೇ ತಿರುಗಿದನೆಂದು ನಮ್ಮ ಜನ ನಂಬಿದ್ದಾರೆ. ಆ ನಂಬಿಕೆಯಿಂದ ಹುಟ್ಟುವ ಸಿನಿಮಾ ಯಾವ ಧರ್ಮದ್ದಾದರೂ ಆಗಲಿ, ಎಷ್ಟು ಅಗ್ಗದ್ದಾದರೂ ಆಗಲಿ, ನಮ್ಮ ಕನ್ನಡ ಕೂಟಗಳ ಪರದೆಯಲ್ಲಿ ಅದಕ್ಕೆ ಜಾಗವಿರಲಿ.