ಎಲ್ಲೋ ಕೇಳಿದ ಹೆಸರು

ಸೆಬಾಸ್ಟಿಯನ್ ವೈಸ್‌ಡಾರ್ಫ್ ಎಂಬ ಹೆಸರಿನ ಗಣ್ಯರು ಯಾರೂ ಇಲ್ಲ. ಮನಶ್ಶಾಸ್ತ್ರಜ್ಞ ಲ್ಯಾರಿ ಜಾಕೋಬಿ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಥ ಅನಾಮಿಕ ಹೆಸರುಗಳನ್ನು ಜನರಿಂದ ಓದಿಸಿದರು. ಮರುದಿನ ಅವನ್ನೇ ನಿಜವಾದ ಪ್ರಸಿದ್ಧರ ಹೆಸರುಗಳ ಜೊತೆ ಬೆರೆಸಿ, ಇವರಲ್ಲಿ ಹೆಸರುವಾಸಿಗಳು ಯಾರು ಎಂದು ಕೇಳಿದರು. ಎಲ್ಲಿ ಓದಿದ್ದೆಂಬುದು ಮರೆತಿತ್ತು, ಪರಿಚಯ ಮಾತ್ರ ಉಳಿದಿತ್ತು. ‘ಎಲ್ಲೋ ಕೇಳಿದ ಹಾಗಿದೆಯಲ್ಲ’ ಅನ್ನಿಸಿದ್ದೇ ತಡ, ವೈಸ್‌ಡಾರ್ಫ್ ರಾತ್ರಿ ಬೆಳಗಾಗುವುದರಲ್ಲಿ ಪ್ರಸಿದ್ಧನಾಗಿಬಿಟ್ಟ. ನಮಗೇ ಗೊತ್ತಾಗದಂತೆ ಒಳಗೊಳಗೇ ಕೆಲಸ ಮಾಡುವ ಈ ನೆನಪನ್ನು ಅವ್ಯಕ್ತ ಸ್ಮೃತಿ ಎನ್ನುತ್ತಾರೆ.

ಸಿಕಂದರಾಬಾದ್ ಮೂಲದ ಮನಶ್ಶಾಸ್ತ್ರಜ್ಞೆ ಮಹಜರೀನ್ ಬನಾಜಿ, ಆಂಟನಿ ಗ್ರೀನ್‌ವಾಲ್ಡ್ ಅವರೊಡನೆ ಸೇರಿ ಈ ಪ್ರಯೋಗಕ್ಕೆ ಇನ್ನೊಂದು ಪ್ರಶ್ನೆ ಜೋಡಿಸಿದರು. ಆ ಹೆಸರು ಹೆಂಗಸಿನದಾದರೆ? 1995ರಲ್ಲಿ ಅವರು ಪ್ರಕಟಿಸಿದ ಉತ್ತರ ಮುಜುಗರದ್ದು. ಅಷ್ಟೇ ಪರಿಚಯದ ಹೆಸರಾಗಿದ್ದರೂ ಗಂಡಸಿನದಾದರೆ ಪ್ರಸಿದ್ಧಿ ಸಲೀಸಾಗಿ ದಕ್ಕುತ್ತಿತ್ತು, ಹೆಂಗಸಿನದಾದರೆ ಅಷ್ಟು ಸುಲಭಕ್ಕೆ ದಕ್ಕುತ್ತಿರಲಿಲ್ಲ. ತೀರ್ಪು ಕೊಟ್ಟವರು ಹೆಂಗಸರಾದರೂ ಅಷ್ಟೇ, ಗಂಡಸರಾದರೂ ಅಷ್ಟೇ. ಹೆಣ್ಣು-ಗಂಡಿನ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ನೇರವಾಗಿ ಕೇಳಿದಾಗ ಅವರು ಕೊಟ್ಟ ಉತ್ತರಕ್ಕೂ ಈ ಒಲವಿಗೂ ತಾಳೆಯೇ ಇರಲಿಲ್ಲ.

ಕನ್ನಡದ ಸಾಹಿತ್ಯವಲಯಕ್ಕೆ ಇದು ದೂರದ ಸುದ್ದಿಯಲ್ಲ. ಗೋಷ್ಠಿಗೆ ಯಾರನ್ನು ಕರೆಯೋಣ ಎಂದು ನಾಲ್ಕು ಜನ ಕೂತರೆ, ಕಾಫಿ ಬರುವಷ್ಟರಲ್ಲಿ ಅರ್ಧ ಡಜನ್ ಗಂಡಸರ ಹೆಸರು ಹೊಳೆದಿರುತ್ತವೆ. ‘ಲೇಖಕಿಯರದ್ದೂ ಒಂದು ಹೆಸರಿರಲಿ’ ಎಂದು ಯಾರಾದರೂ ನೆನಪಿಸಿದರೆ, ‘ಮಹಿಳಾ ಗೋಷ್ಠಿ ಬೇರೆ ಇದೆಯಲ್ಲ ಸಾರ್’ ಎಂಬ ಸಮಾಧಾನ ಸಿದ್ಧವಿರುತ್ತದೆ. ಯಾರ ಮನಸ್ಸಿನಲ್ಲೂ ಕೇಡಿಲ್ಲ.

ಕನ್ನಡ ಸಾಹಿತ್ಯ ಸಮ್ಮೇಳನ ಶುರುವಾದದ್ದು 1915ರಲ್ಲಿ. ಅಧ್ಯಕ್ಷ ಪೀಠದಲ್ಲಿ ಮೊದಲ ಬಾರಿಗೆ ಮಹಿಳೆ ಕೂತದ್ದು 1974ರಲ್ಲಿ, ಮಂಡ್ಯದಲ್ಲಿ, ಜಯದೇವಿತಾಯಿ ಲಿಗಾಡೆ. ಆಮೇಲೆ ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ, ಗೀತಾ ನಾಗಭೂಷಣ. 2024ರವರೆಗೆ ನಡೆದ 87 ಸಮ್ಮೇಳನಗಳಲ್ಲಿ ಈ ನಾಲ್ವರೇ. ಇದಕ್ಕೆ ಶಿಕ್ಷಣ, ಅವಕಾಶ, ಸಾಹಿತ್ಯದ ರಾಜಕಾರಣ ಎಲ್ಲವೂ ಕಾರಣವಾಗಿರಬಹುದು. ಆದರೆ ಹೆಸರು ಹೊಳೆಯುವ ಆ ಮೊದಲ ಗಳಿಗೆಯನ್ನು ಲೆಕ್ಕದಿಂದ ಬಿಡುವಂತಿಲ್ಲ.

ಅವ್ಯಕ್ತ ಸ್ಮೃತಿ ಉಪದೇಶಕ್ಕೆ ಬಗ್ಗುವುದು ಕಡಿಮೆ, ಕಂಡು ಕೇಳಿದ್ದಕ್ಕೆ ಬಗ್ಗುತ್ತದೆ. ಅರ್ಥಶಾಸ್ತ್ರಜ್ಞರಾದ ಲೋರಿ ಬೀಮನ್, ಎಸ್ತರ್ ಡುಫ್ಲೊ ಮುಂತಾದವರು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಒಂದೇ ಭಾಷಣವನ್ನು ಕೆಲವರಿಗೆ ಗಂಡುದನಿಯಲ್ಲಿ, ಕೆಲವರಿಗೆ ಹೆಣ್ಣುದನಿಯಲ್ಲಿ ಕೇಳಿಸಿದರು. ಮೀಸಲಾತಿಯಿಂದ ಮಹಿಳೆ ಪಂಚಾಯತಿ ನಡೆಸಿರದ ಊರುಗಳ ಗಂಡಸರು ಹೆಣ್ಣುದನಿಗೆ ಕಡಿಮೆ ಅಂಕ ಕೊಟ್ಟರು. ನಡೆಸಿದ್ದ ಊರುಗಳಲ್ಲಿ ಆ ಅಂತರ ಅಳಿಸಿಹೋಗಿತ್ತು. ಮುಖಂಡ ಗಂಡಸೇ ಆಗಿರಲಿ ಎಂಬ ಆಸೆ ಮಾತ್ರ ಹಾಗೇ ಇತ್ತು ಎಂದೂ 2009ರ ಆ ಪ್ರಬಂಧ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಸಂವಿಧಾನದ 73ನೇ ತಿದ್ದುಪಡಿಗೆ ಮೊದಲೇ, 1983ರ ಪಂಚಾಯತಿ ಕಾಯ್ದೆಯಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿಟ್ಟ ಕರ್ನಾಟಕಕ್ಕೆ ಈ ದಾರಿ ಹೊಸದಲ್ಲ.

ಗೋಷ್ಠಿ, ಬಹುಮಾನ, ವಿಶೇಷಾಂಕ ಯಾವುದೇ ಇರಲಿ, ಪಟ್ಟಿ ಮಾಡುವವರು ಥಟ್ಟನೆ ಹೊಳೆದ ಹೆಸರುಗಳಿಗೇ ನಿಲ್ಲದೆ, ಈಚಿನ ಎರಡು-ಮೂರು ವರ್ಷಗಳ ಪುಸ್ತಕಗಳನ್ನು ಎದುರಿಗೆ ಇಟ್ಟುಕೊಂಡು ಕೂರಲಿ. ಪತ್ರಿಕೆಗಳ ಸಂಪಾದಕರೂ ಈ ಮಾತಿಗೆ ಹೊರತಲ್ಲ. ಯಾವ ಸಂಚಿಕೆಯ ಪರಿವಿಡಿಯಲ್ಲಾದರೂ ಲೇಖಕಿಯರ ಕೊರತೆ ಕಂಡರೆ ಓದುಗರು ಒಂದು ಕಾಗದ ಬರೆಯಲಿ.