ಬೆಟ್ಟದ ಚಿತ್ರಗಳೂ ನಮ್ಮ ಹೊಣೆಯೂ

ಹಂಪೆಯನ್ನು ನೋಡಿಬರುವದು ನಮ್ಮ ಜನರಲ್ಲಿ ಒಂದು ವ್ರತದಂತೆ ನಡೆದುಬಂದಿದೆ. ಅದು ಸಂತೋಷದ ಸಂಗತಿಯೇ ಸರಿ. ಆದರೆ ಅಲ್ಲಿಗೆ ಹೋದವರಲ್ಲಿ ತುಂಗಭದ್ರೆಯನ್ನು ದಾಟಿ, ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿನ ಗುಡ್ಡವನ್ನು ಹತ್ತಿದವರು ಎಷ್ಟು ಮಂದಿ? ಹಕ್ಕ-ಬುಕ್ಕರಿಗಿಂತ ಸಾವಿರದೈನೂರು ವರ್ಷಗಳಿಗೂ ಮೊದಲೇ ಅಲ್ಲಿಯ ಜನರು ತಮ್ಮ ಮೃತರ ನೆನಪಿಗಾಗಿ ಕಲ್ಲುಚಪ್ಪಡಿಗಳ ಮನೆಗಳನ್ನು ನಿಲ್ಲಿಸಿದರು. ಅಂಥವು ಸುಮಾರು 400 ಅಲ್ಲಿವೆ. ಸುತ್ತಲಿನ ಹಳ್ಳಿಗರು ಅವನ್ನು ಮೋರ್ಯರ ಮನೆಗಳೆನ್ನುತ್ತಾರೆ. ಅದೇ ಗುಡ್ಡದಲ್ಲಿ ಮುಂಚಾಚಿದ ಬಂಡೆಗಳ ಅಡಿಯ ಕಲ್ಲಾಸರೆಗಳಲ್ಲಿ, ಕೆಮ್ಮಣ್ಣಿನಿಂದ ಬರೆದ ಬೇಟೆಗಾರರೂ, ಕುಣಿಯುವವರೂ, ಜಿಂಕೆ-ಕುದುರೆಗಳೂ ಕಾಣುತ್ತವೆ.

ಇದೊಂದೇ ಸ್ಥಳವಲ್ಲ. ಬಾದಾಮಿಯ ಚಾಲುಕ್ಯರ ಗುಹೆಗಳನ್ನು ಕೊಂಡಾಡುವವರಲ್ಲಿ ಅನೇಕರು ಅಲ್ಲಿಂದ ಕಾಲ್ನಡೆಯ ದೂರದ ಸಿಡಿಲಫಡಿಯನ್ನು ಕಂಡಿಲ್ಲ; ಮರಳುಗಲ್ಲಿನ ಆ ಸಹಜವಾದ ಗವಿಯಲ್ಲಿಯೂ ಪ್ರಾಚೀನರ ಚಿತ್ರಗಳಿವೆ. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲಿವೆ. ಬಳ್ಳಾರಿಯ ಸಮೀಪದ ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ ಬಣ್ಣದ ಬದಲು ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮೂಡಿಸಿದ, ನೀಳ ಕೋಡಿನ ಎತ್ತುಗಳ ಹಿಂಡುಗಳೇ ಇವೆ. ಒಂದು ಕಾಲಕ್ಕೆ ಬಾದಾಮಿಯು ಮುಂಬಯಿಗೂ, ಹಿರೇಬೆಣಕಲ್ಲು, ಪಿಕ್ಲಿಹಾಳಗಳು ನಿಜಾಮರಿಗೂ, ಬಳ್ಳಾರಿಯು ಮದರಾಸಿಗೂ ಸೇರಿದ್ದವು. 1953ರಲ್ಲಿ ಬಳ್ಳಾರಿಯೂ 1956ರಲ್ಲಿ ಉಳಿದವೂ ಬಂದು ಒಂದುಗೂಡಿದವು. ಮೇರೆಗಳು ಬಂದವು, ಹೋದವು. ಬಂಡೆಯ ಮೇಲಿನ ಎತ್ತು ನಿಂತಲ್ಲಿಯೇ ನಿಂತಿದೆ.

ಆ ಚಿತ್ರಕಾರರು ಯಾವ ಭಾಷೆಯನ್ನಾಡುತ್ತಿದ್ದರೆಂಬುದನ್ನು ಯಾರೂ ಹೇಳಲಾರರು. ಆದುದರಿಂದ ಅಭಿಮಾನದ ಭರದಲ್ಲಿ ಅವರನ್ನು ಕನ್ನಡಿಗರೆಂದು ಸಾರುವ ಆತುರವು ಬೇಡ. ನಾವು ಅವರ ವಾರಸುದಾರರೆಂದು ಮೆರೆಯುವದಕ್ಕಿಂತ, ಅವರು ಬಿಟ್ಟುಹೋದುದರ ಕಾವಲುಗಾರರಾಗುವದು ಮೇಲು. ನೆಲವು ನಮ್ಮ ಕೈಯಲ್ಲಿದೆ, ಹೊಣೆಯೂ ನಮ್ಮದೇ.

ಇಲ್ಲಿ ಕೆಲವು ಸುಜ್ಞರು ಒಂದು ಆಕ್ಷೇಪವನ್ನೆತ್ತುತ್ತಾರೆ. ಜನರು ಹೋದಲ್ಲೆಲ್ಲ ಹಾಳುಗೆಡಹುವರು, ಬಂಡೆಗಳ ಮೇಲೆ ತಮ್ಮ ಹೆಸರು ಕೊರೆಯುವರು. ಇಂಥ ಸ್ಥಳಗಳು ಮರೆಯಲ್ಲಿರುವದೇ ಕ್ಷೇಮವೆಂದು ಅವರ ವಾದ. ಭಯವು ನಿರಾಧಾರವಲ್ಲ, ಆದರೆ ನಿರ್ಣಯವು ತಪ್ಪು. ಇದಕ್ಕೆ ಕಪ್ಪಗಲ್ಲೇ ಸಾಕ್ಷಿ. ಅಲ್ಲಿಯ ಚಿತ್ರಗಳ ವಿಷಯವಾಗಿ ಫಾಸೆಟ್ ಎಂಬ ಆಂಗ್ಲನು 1892ರಲ್ಲಿಯೇ ಬರೆದಿದ್ದನು. ಆದರೂ ಬಹುಕಾಲ ನಾಡಿನ ಜನರು ಅತ್ತ ಕಣ್ಣೆತ್ತಿ ನೋಡಲಿಲ್ಲ. ಈ ಶತಮಾನದ ಆರಂಭದಲ್ಲಿ ಧಾರವಾಡದ ರವಿ ಕೋರಿಶೆಟ್ಟರರೂ ಇಂಗ್ಲಂಡದ ವಿದ್ವಾಂಸರೂ ಅಲ್ಲಿ ಶೋಧ ನಡೆಸುವ ಹೊತ್ತಿಗೆ ಗುಡ್ಡಕ್ಕೆ ಕಲ್ಲುಗಣಿಯ ಹಾವಳಿಯು ತಗಲಿತ್ತು. 2004ರಲ್ಲಿ ಪ್ರಕಟವಾದ ಲೇಖನವು ಆ ಅಪಾಯವನ್ನು ಜಗತ್ತಿಗೆ ತಿಳಿಸಿತು. ಹೆಸರು ಕೊರೆಯುವ ಪೋರನು ಒಂದು ಚಿತ್ರವನ್ನು ಕೆಡಿಸಿಯಾನು. ಸಿಡಿಮದ್ದು ಬಂಡೆಯನ್ನೇ ಜಲ್ಲಿಯಾಗಿಸುತ್ತದೆ. ಯಾರೂ ನೋಡದ ಗುಡ್ಡವು ಹೋದಾಗ ಹೋಯಿತೆನ್ನುವವರೂ ಇರುವದಿಲ್ಲ. ಮರವೆಯು ಎಂದಿಗೂ ಕಾವಲಾಗದು.

ಕಾಯಿದೆಯಿಲ್ಲವೇ ಎಂದು ಕೇಳಬಹುದು. ಇದೆ. 1958ರ ಕೇಂದ್ರ ಕಾಯಿದೆಯು 100 ವರ್ಷ ಮೀರಿದ ಗುಹೆ, ಶಿಲಾಶಿಲ್ಪಗಳನ್ನೂ ಪ್ರಾಚೀನ ಸ್ಮಾರಕಗಳಲ್ಲಿ ಎಣಿಸುತ್ತದೆ. ಆದರೆ ಸರಕಾರವು ರಕ್ಷಿತವೆಂದು ಘೋಷಿಸಿದ ಸ್ಥಳಕ್ಕೇ ಅದರ ಪೂರ್ಣಬಲ. ಊರವರೇ ಅರಿಯದ ಗವಿಯನ್ನು ಸರಕಾರವು ಹೇಗೆ ಘೋಷಿಸೀತು? 2021ರಲ್ಲಿ ಹಿರೇಬೆಣಕಲ್ಲು ವಿಶ್ವಪರಂಪರೆಯ ಸಂಭಾವ್ಯ ಪಟ್ಟಿಯನ್ನು ಸೇರಿತು. ಅಂಥ ಭಾಗ್ಯವಿಲ್ಲದ ಗುಡ್ಡಗಳಿಗೆ ನೆರೆಯ ಹಳ್ಳಿಯೇ ದಿಕ್ಕು.

ಆದುದರಿಂದ ಹೋಗಬೇಕು; ಆದರೆ ಶಿಸ್ತಿನಿಂದ ಹೋಗಬೇಕು. ಈ ಕಾರ್ಯಕ್ಕೆ ಶಾಲೆಯ ಉಪಾಧ್ಯಾಯರಿಗಿಂತ ಯೋಗ್ಯರು ಬೇರೆ ಯಾರು? ಚಿತ್ರವನ್ನು ಮುಟ್ಟಕೂಡದು. ಬಣ್ಣವು ಎದ್ದು ಕಾಣಲೆಂದು ನೀರೆರಚಕೂಡದು. ಆ ನೀರು ಕಲ್ಲಿನೊಳಗಿನ ಲವಣವನ್ನು ಕರಗಿಸಿ ಹೊರತಂದು, ಒಣಗಿದ ಮೇಲೆ ಚಿತ್ರಕ್ಕೆ ಬಿಳಿಯ ಪೊರೆಯನ್ನು ಹೊದಿಸುತ್ತದೆ. ರೇಖೆಗಳ ಮೇಲೆ ಸೀಮೆಸುಣ್ಣ ಎಳೆಯಕೂಡದು. ಗವಿಯಲ್ಲಿ ಒಲೆ ಹೂಡಕೂಡದು. ಮಕ್ಕಳು ತಮ್ಮ ಪುಸ್ತಕದಲ್ಲಿ ಚಿತ್ರವನ್ನು ಬರೆದುಕೊಳ್ಳಲಿ, ಕುರಿಗಾಹಿ ಮುದುಕರಿಂದ ಗವಿಗಳ ಹೆಸರು ಕೇಳಿ ಬರೆದಿಡಲಿ. ವರ್ಷಕ್ಕೊಮ್ಮೆ ಹೋಗಿ, ಹೊಸದಾಗಿ ಆದ ಕೇಡೇನಾದರೂ ಇದ್ದರೆ ಗ್ರಾಮ ಪಂಚಾಯತಿಗೂ ಪುರಾತತ್ವ ಇಲಾಖೆಗೂ ಬರೆದು ತಿಳಿಸಲಿ.

ಇದಕ್ಕೆ ದೊಡ್ಡ ನಿಧಿಯೂ ಬೇಡ, ಸಭೆ-ಭಾಷಣಗಳೂ ಬೇಡ. ಒಂದು ಶಾಲೆಯು ಒಂದು ಗುಡ್ಡವನ್ನು ತನ್ನದೆಂದು ಒಪ್ಪಿಕೊಂಡರೆ ಸಾಕು. ಗಣಿಯ ಗುತ್ತಿಗೆದಾರನು ಬಂದು ಇಲ್ಲಿ ಬರಿಯ ಕಲ್ಲೇ ಇದೆಯಲ್ಲವೇ ಎಂದು ಕೇಳಿದ ದಿನ, ಅಲ್ಲ, ಇಲ್ಲಿ ಇಂಥಿಂಥ ಚಿತ್ರಗಳಿವೆ ಎಂದು ಎಣಿಸಿ ತೋರಿಸುವ ಹತ್ತು ಹುಡುಗರು ಆ ಊರಿನಲ್ಲಿರಬೇಕು.