ಅಶ್ವಶಕ್ತಿಯ ಲೆಕ್ಕ

ಹೊಲದ ಪಂಪು, ಮನೆಯ ನೀರಿನ ಮೋಟರು, ಹಿಟ್ಟಿನ ಗಿರಣಿ ಇವುಗಳ ಬಲವನ್ನು ನಾವು ಕುದುರೆಗಳಲ್ಲಿ ಎಣಿಸುತ್ತೇವೆ. ಅವು ನುಂಗಿದ ವಿದ್ಯುತ್ತಿಗೆ ಹಣ ತೆರುವಾಗ ಯೂನಿಟ್ಟುಗಳಲ್ಲಿ ಎಣಿಸುತ್ತೇವೆ. ಈ ಎರಡು ಎಣಿಕೆಗಳ ನಡುವಿನ ದಾರಿಯನ್ನು ಪೂರ್ಣವಾಗಿ ಅರಿಯದಿದ್ದರೆ ಹೇಗೆ ನಷ್ಟವಾಗುವದೆಂಬದನ್ನು ನಮ್ಮ ದೇಸೂರಿನಲ್ಲಿಯೇ ಕಂಡೆವು. ಆ ನಷ್ಟಕ್ಕೆ ನಾವೂ ಒಂದು ಕಾರಣವಾಗಿದ್ದುದರಿಂದ ಅದನ್ನಿಲ್ಲಿ ಬರೆಯುವದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ನಮ್ಮ ಓಣಿಯಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳಿರುವಳು. ಅವಳ ಮಗನು ನಮ್ಮಲ್ಲಿ ಕಲಿತವನು. ಸಂಸಾರದ ನಿರ್ವಾಹಕ್ಕೆಂದು ಅವಳು ಹಿಟ್ಟಿನ ಗಿರಣಿಯನ್ನು ಹಾಕಿದಳು. ಮೋಟರು ಎರಡು ಅಶ್ವಶಕ್ತಿಯದು. ಹಳೆಯದು, ಅಗ್ಗವಾಗಿ ಸಿಕ್ಕಿದ್ದು. ಬೀಸುವ ದರವನ್ನು ಗೊತ್ತುಪಡಿಸುವ ಕೆಲಸ ಮಗನ ಪಾಲಿಗೆ ಬಂದಿತು. ನಾವು ತರಗತಿಯಲ್ಲಿ ಬಾಯಿಪಾಠ ಮಾಡಿಸಿದ್ದನ್ನೇ ಅವನು ನೆನೆದನು: ಒಂದು ಅಶ್ವಶಕ್ತಿಗೆ 746 ವ್ಯಾಟ್, ಎರಡಕ್ಕೆ 1492, ಅಂದರೆ ತಾಸಿಗೆ ಸುಮಾರು ಒಂದೂವರೆ ಯೂನಿಟ್. ದಿನಕ್ಕೆ ನಾಲ್ಕು ತಾಸಿನಂತೆ 25 ದಿನಕ್ಕೆ 100 ತಾಸು, 149 ಯೂನಿಟ್. ಅದರ ಮೇಲೆಯೇ ದರ ನಿಂತಿತು. ತಿಂಗಳು ಕಳೆದಾಗ ಮೀಟರು ತೋರಿಸಿದ್ದು ಸುಮಾರು 200. ಉಳಿಯಬೇಕಾದ ಅಲ್ಪ ಲಾಭವನ್ನೆಲ್ಲ ಆ 50 ಯೂನಿಟ್ಟುಗಳೇ ತಿಂದುಬಿಟ್ಟವು.

“ಮಾಸ್ತರ, ಮೀಟರ ಸುಳ್ಳ ಓಡಾಕತ್ತೈತ್ರಿ. ನೀವರ ಒಂದ್ ಅರ್ಜಿ ಬರದ ಕೊಡ್ರಿ,” ಎಂದು ತಾಯಿಯು ಕಣ್ಣು ತುಂಬಿಕೊಂಡು ಬಂದಳು.

“ತಂಗೀ, ಮೀಟರನ್ನು ಬೈಯುವ ಮುನ್ನ ಮೋಟರನ್ನು ಒಮ್ಮೆ ನೋಡೋಣ,” ಎಂದು ಹೇಳಿ ಹೋದೆವು. ಮೋಟರಿನ ಮೈಮೇಲಿನ ತಗಡನ್ನು ಒರೆಸಿ ಓದಲಾಗಿ, ಎರಡು ಅಶ್ವಶಕ್ತಿ ಎಂದೂ 1.5 ಕಿಲೋವ್ಯಾಟ್ ಎಂದೂ ಇದ್ದಿತು. ಮಗನ ಲೆಕ್ಕಕ್ಕೆ ತಗಡೇ ಸಾಕ್ಷಿ ನುಡಿದಂತಾಯಿತು. ಆದರೆ ಕೆಳಗೆ ಮೂರನೆಯದೊಂದು ಅಂಕಿಯಿದ್ದಿತು: ದಕ್ಷತೆ, ನೂರಕ್ಕೆ 75. ಅದನ್ನು ಅವನು ಓದಿರಲಿಲ್ಲ. ಓದಬೇಕೆಂದು ನಾವು ಅವನಿಗೆ ಕಲಿಸಿಯೂ ಇರಲಿಲ್ಲ.

ಅಶ್ವಶಕ್ತಿಯೆಂದರೆ ‘ಅಶ್ವದ ಶಕ್ತಿ’ ಎಂದು ಷಷ್ಠೀ ತತ್ಪುರುಷವನ್ನು ಬಿಡಿಸಿದರೆ ವ್ಯಾಕರಣವು ತೃಪ್ತವಾಗುವದೇ ಹೊರತು ಅರ್ಥವು ತಿಳಿಯದು. ಯಾವ ಕುದುರೆ, ಎಷ್ಟು ಹೊತ್ತಿನಲ್ಲಿ ಎಷ್ಟು ಕೆಲಸ ಎಂಬದೇ ಇಲ್ಲಿಯ ಪ್ರಶ್ನೆ. ಉಗಿಯಂತ್ರವನ್ನು ಸುಧಾರಿಸಿದ ಸ್ಕಾಟ್ಲೆಂಡಿನ ಜೇಮ್ಸ್ ವ್ಯಾಟ್ (1736–1819) ಎಂಬವನು, ಕುದುರೆಗಳಿಂದ ಕೆಲಸ ತೆಗೆಯುತ್ತಿದ್ದವರಿಗೆ ತನ್ನ ಯಂತ್ರದ ಬೆಲೆ ತಿಳಿಯಲೆಂದು ಒಂದು ಅಳತೆಯನ್ನು ನಿಲ್ಲಿಸಿದನು: 33,000 ಪೌಂಡು ಭಾರವನ್ನು ಒಂದು ನಿಮಿಷದಲ್ಲಿ ಒಂದು ಅಡಿ ಎತ್ತುವದು ಒಂದು ಕುದುರೆಯ ಕೆಲಸ. ಸೆಕೆಂಡಿಗೆ ಇದು 550 ಪೌಂಡು. ಇದನ್ನೇ ಇಂದಿನ ಮಾನಕ್ಕೆ ತಂದರೆ, ಸುಮಾರು 76 ಕಿಲೋ ಭಾರವನ್ನು ಸೆಕೆಂಡಿಗೆ ಒಂದು ಮೀಟರು ಎತ್ತಿದಂತಾಗುವದು. ಒಂದು ಕಿಲೋವನ್ನು ಹಾಗೆ ಎತ್ತಲು 9.8 ವ್ಯಾಟ್ ಬೇಕು. ಗುಣಿಸಿದರೆ ಸುಮಾರು 746 ಬರುವದು. ಫ್ರಾನ್ಸ್, ಜರ್ಮನಿಗಳ ರೂಢಿಯ ಮೆಟ್ರಿಕ್ ಕುದುರೆಯಾದರೋ 75 ಕಿಲೋವನ್ನಷ್ಟೇ ಎತ್ತುವದು. ಅದರ ಬಲ ಸುಮಾರು 735.5 ವ್ಯಾಟ್. ಹೀಗೆ ಕುದುರೆಗಳಲ್ಲಿಯೂ ಎರಡು ಜಾತಿ.

ಈ ಮಾರ್ಪಾಟಿನಲ್ಲಿ ತಪ್ಪೇನೂ ಇಲ್ಲ. ತಪ್ಪಿದ್ದು ಬೇರೆಡೆ. ತಗಡಿನ ಮೇಲಿನ ಅಶ್ವಶಕ್ತಿಯಾಗಲಿ ಕಿಲೋವ್ಯಾಟ್ ಆಗಲಿ, ಮೋಟರು ತನ್ನ ತಿರುಗುವ ದಂಡದಿಂದ ಗಿರಣಿಗೆ ಕೊಡುವ ಬಲ. ಮೀಟರು ಅಳೆಯುವದು ಮೋಟರು ತಂತಿಯಿಂದ ತೆಗೆದುಕೊಂಡದ್ದನ್ನು. ತೆಗೆದುಕೊಂಡದ್ದೆಲ್ಲವನ್ನೂ ಕೊಡುವ ಯಂತ್ರವು ಲೋಕದಲ್ಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗಲೂ, ಬೀಳುವ ಕಾವೇರಿಯ ಬಲವೆಲ್ಲ ಗಣಿಯನ್ನು ಮುಟ್ಟಲಿಲ್ಲ. ಚಕ್ರದಲ್ಲಿಷ್ಟು, ತಂತಿಯಲ್ಲಿಷ್ಟು ಸೋರಿಯೇ ಹೋಯಿತು. ನಮ್ಮ ಹೆಣ್ಣುಮಗಳ ಮೋಟರಿನಲ್ಲಿ ನೂರರಲ್ಲಿ 25 ಪಾಲು ಕಾವಾಗಿ ಸೋರುತ್ತಿದ್ದಿತು. ಮುಟ್ಟಿದರೆ ಮೈ ಬಿಸಿಯಾಗಿದ್ದುದೇ ಅದಕ್ಕೆ ಪ್ರಮಾಣ.

ಆದಕಾರಣ 1492ನ್ನು 0.75ರಿಂದ ಭಾಗಿಸಬೇಕು, 1989 ವ್ಯಾಟ್ ಬರುವದು. ತಾಸಿಗೆ ಎರಡು ಯೂನಿಟ್, 100 ತಾಸಿಗೆ 199. ಮೀಟರು ಸತ್ಯವನ್ನೇ ನುಡಿದಿದ್ದಿತು.

ಇದನ್ನು ಹೇಳಿದಾಗ ಆ ತಾಯಿಯು ತುಸು ಹೊತ್ತು ಸುಮ್ಮನಿದ್ದು, “ಹಂಗಾರ ಜ್ವಾಳಾ ಬೀಸಿದಾಗ ಒಂದಿಷ್ಟ ಹಿಟ್ಟ ಕಲ್ಲಿಗೇ ಹತ್ತಿ ಉಳಿದಂಗ ಬಿಡ್ರಿ,” ಎಂದಳು. ನಾವು ವರ್ಷಗಟ್ಟಲೆ ಕಲಿಸಿದ ಪಾಠದಲ್ಲಿ ಇಷ್ಟು ಸ್ಪಷ್ಟವಾದ ಮಾತು ಒಂದೂ ಇರಲಿಲ್ಲ.

ಗೃಹಸ್ಥರು ನೆನಪಿಡಬೇಕಾದ ಕ್ರಮವು ಇಷ್ಟೇ. ಅಶ್ವಶಕ್ತಿಯನ್ನು 746ರಿಂದ ಗುಣಿಸಿರಿ. ಬಂದುದನ್ನು ದಕ್ಷತೆಯಿಂದ ಭಾಗಿಸಿರಿ. ಅದನ್ನು ತಾಸುಗಳಿಂದ ಗುಣಿಸಿ, 1000ದಿಂದ ಭಾಗಿಸಿದರೆ ಯೂನಿಟ್ಟುಗಳು ಬರುವವು. ಮನೆಯ ಚಿಕ್ಕ ಪಂಪು ಅರ್ಧ ಅಶ್ವಶಕ್ತಿಯದಿದ್ದು, ಅದರ ಮೋಟರಿನ ದಕ್ಷತೆ ನೂರಕ್ಕೆ 50 ಆದರೆ, ಅದು ಎಳೆಯುವದು 746 ವ್ಯಾಟ್. ಕೊಡುವಾಗ ಅರ್ಧ ಕುದುರೆ, ಉಣ್ಣುವಾಗ ಇಡೀ ಕುದುರೆ! ಈ ಲೆಕ್ಕವು ಪೂರ್ಣ ಭಾರದ ದುಡಿಮೆಗೆ ಸಲ್ಲುವದು. ಹಗುರಾಗಿ ತಿರುಗುವಾಗ ಮೋಟರು ಕಡಿಮೆ ಎಳೆಯುವದು. ಮೋಟರನ್ನು ಕೊಳ್ಳುವಾಗ ಬೆಲೆಯೊಂದನ್ನೇ ನೋಡದೆ ದಕ್ಷತೆಯನ್ನೂ ಕೇಳಿರಿ. ಅದೇ ಎರಡು ಅಶ್ವಶಕ್ತಿಯ ಮೋಟರಿಗೆ ದಕ್ಷತೆ 83 ಇದ್ದರೆ 100 ತಾಸಿಗೆ 180 ಯೂನಿಟ್ ಸಾಕು; ತಿಂಗಳಿಗೆ 19 ಯೂನಿಟ್ ಉಳಿಯುವವು.

ಅರ್ಜಿಯನ್ನು ನಾವು ಬರೆಯಲಿಲ್ಲ. ಮಗನು ದರವನ್ನು ಹೊಸದಾಗಿ ಲೆಕ್ಕ ಮಾಡಿ ಸ್ವಲ್ಪ ಏರಿಸಿದನು. ಓಣಿಯವರು ಕಾರಣವನ್ನು ಕೇಳಿ ಒಪ್ಪಿಕೊಂಡರು. ನಮ್ಮ ಹಳೆಯ ಪಾಠದ ವಹಿಯಲ್ಲಿ 746 ಎಂದು ಬರೆದಿದ್ದ ಸಾಲಿನ ಕೆಳಗೆ, ‘ಇದು ಮೋಟರು ಕೊಡುವದು, ಕೊಳ್ಳುವದು ಇದಕ್ಕಿಂತ ಹೆಚ್ಚು’ ಎಂದು ನಾವೂ ಬರೆದಿಟ್ಟೆವು. ನಮ್ಮಲ್ಲಿ ಕಲಿತ ಉಳಿದ ಶಿಷ್ಯರು ಇದನ್ನು ಓದಿದರೆ, ತಮ್ಮ ವಹಿಗಳಲ್ಲಿಯೂ ಆ ಒಂದು ಸಾಲನ್ನು ಸೇರಿಸಿಕೊಳ್ಳಬೇಕೆಂದು ಕೋರುತ್ತೇವೆ.